ಹುಚ್ಚನೆಂದು ಹೇಳತಕ್ಕವರು ಯಾರು?

ಕಳೆದ ತಿಂಗಳ ಗೋಷ್ಠಿಯು ಮುಗಿದು ಫಲಾಹಾರಕ್ಕೆ ಕುಳಿತಿದ್ದಾಗ, ನಮ್ಮ ಸಂಘದ ಹಿರಿಯ ಸದಸ್ಯರೂ ನ್ಯಾಯವಾದಿಗಳೂ ಆದ ಮಿತ್ರರೊಬ್ಬರು ಒಂದು ಮಾತನ್ನಾಡಿದರು. ಮನೋರೋಗದ ವೈದ್ಯರಲ್ಲಿಗೆ ಒಂದು ಸಲವಾದರೂ ಹೋಗಿಬಂದವನ ಕೈಯಲ್ಲಿ ಕೋವಿಯಿರಕೂಡದು. ಅಂಥವನ ಲೈಸೆನ್ಸನ್ನು ವಿಚಾರಣೆಯ ಗೊಡವೆಯಿಲ್ಲದೆ ರದ್ದುಮಾಡತಕ್ಕದ್ದು. ಹುಚ್ಚನೊಡನೆ ವಾದವೇನು, ಎಂಬುದು ಅವರ ಮಾತಿನ ಸಾರ. ಕೂಡಿದ್ದ ಸಭ್ಯರಲ್ಲಿ ಹಲವರು ತಲೆದೂಗಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದುದು ಒಪ್ಪಿಗೆಯಿಂದಲ್ಲ, ಹೇಳಬೇಕಾಗಿದ್ದುದು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿ ಮುಗಿಸುವಷ್ಟು ಚಿಕ್ಕ ಮಾತಾಗಿರಲಿಲ್ಲ. ಸಂಪಾದಕರು ಕೃಪೆಯಿಟ್ಟು ಈ ಪುಟಗಳನ್ನು ಕೊಟ್ಟಿರುವುದರಿಂದ, ಅಂದು ನುಂಗಿಕೊಂಡದ್ದನ್ನು ಇಂದು ವಾಚಕ ಮಹಾಶಯರ ಮುಂದೆ ಇಡುತ್ತಿದ್ದೇನೆ.

ಮೊದಲೇ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಲೇಸು. ನಾನು ಕೋವಿಯ ಅಭಿಮಾನಿಯಲ್ಲ. ಮೂವತ್ತೈದು ವರ್ಷಕಾಲ ಸೀಮೆಸುಣ್ಣವನ್ನು ಹಿಡಿದ ಈ ಕೈ ಒಂದು ಸಲವೂ ಕೋವಿಯ ಕುದುರೆಯನ್ನು ಎಳೆದುದಿಲ್ಲ. ಮನಸ್ಸು ಕದಡಿದವನ ಬಳಿ ತುಂಬಿದ ಕೋವಿಯಿರುವುದು ಭಯಾನಕವಾದದ್ದೆಂಬುದರಲ್ಲಿಯೂ ನನಗೆ ಸಂದೇಹವಿಲ್ಲ. ಸಮಯ ಬಂದಾಗ ಅದನ್ನು ತೆಗೆದಿಡಲೇಬೇಕು. ನನ್ನ ಆಕ್ಷೇಪಣೆ ತೆಗೆದಿಡುವುದರ ಮೇಲಲ್ಲ. ಒಬ್ಬ ಮನುಷ್ಯನ ಚಿತ್ತವು ಕೆಟ್ಟಿದೆಯೆಂಬ ತೀರ್ಪನ್ನು, ಅವನನ್ನು ನೋಡದೆ, ಅವನ ಮಾತನ್ನು ಕೇಳದೆ, ಅವನಿಗೆ ಔಷಧ ಕೊಟ್ಟ ವೈದ್ಯನನ್ನು ವಿಚಾರಿಸದೆ, ಒಂದು ಕಚೇರಿಯ ಮೇಜಿನ ಮೇಲೆ ಒಂದು ಸಾಲಿನಲ್ಲಿ ಬರೆದುಬಿಡುವುದರ ಮೇಲೆ.

ಇದು ನನಗೆ ಪುಸ್ತಕದಿಂದ ತಿಳಿದ ಸಂಗತಿಯಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಮಲೆನಾಡಿನ ಮೂಲೆಯ ಹಳ್ಳಿಯೊಂದರಲ್ಲಿ ನಾಲ್ಕು ಎಕರೆ ಅಡಕೆಯ ತೋಟವನ್ನಿಟ್ಟುಕೊಂಡಿದ್ದಾನೆ. ಬೆಳೆಯ ರಕ್ಷಣೆಗೆಂದು ಅವನ ತಂದೆಯ ಕಾಲದಿಂದ ಮನೆಯಲ್ಲಿ ಒಂದು ತೋಟಾ ಕೋವಿ ಉಂಟು. ಅದರಿಂದ ಅವನು ಮೃಗವನ್ನು ಕೊಂದವನಲ್ಲ; ರಾತ್ರಿ ಹಂದಿಯ ಹಿಂಡು ಬಂದರೆ, ಹಗಲು ಮಂಗಗಳು ಎಳೆಗಾಯಿಗೆ ಬಿದ್ದರೆ, ಆಕಾಶಕ್ಕೆ ಒಂದು ಈಡು ಹೊಡೆದು ಸದ್ದುಮಾಡುವುದಷ್ಟೆ. ಎರಡು ವರ್ಷಗಳ ಹಿಂದೆ ಅವನ ಹೆಂಡತಿ ತೀರಿಕೊಂಡಳು. ಆ ಬಳಿಕ ಅವನಿಗೆ ನಿದ್ರೆಯಿಲ್ಲ, ಊಟದಲ್ಲಿ ರುಚಿಯಿಲ್ಲ. ತೋಟದ ಬದುವಿನ ಮೇಲೆ ಕುಳಿತರೆ ಕತ್ತಲಾದರೂ ಏಳುತ್ತಿರಲಿಲ್ಲ. ಒಂದು ದಿನ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಕೋವಿ ಈಗ ಮನೆಯಲ್ಲಿರುವುದು ಬೇಡ ಅನ್ನಿಸುತ್ತದೆ" ಎಂದ. ಆ ಮಾತಿನ ಅರ್ಥವನ್ನು ತಿಳಿಯದಷ್ಟು ಮಂದನು ನಾನಲ್ಲ. ಮರುದಿನ ಅವನ ತಮ್ಮನನ್ನೂ ಕರೆದುಕೊಂಡು ಮೂವರೂ ಹೋಗಿ ಕೋವಿಯನ್ನು ಠಾಣೆಯಲ್ಲಿಟ್ಟು ರಸೀದಿಯನ್ನು ಪಡೆದೆವು. ಅಲ್ಲಿಂದ ಅವನನ್ನು ಪಟ್ಟಣದ ವೈದ್ಯರ ಬಳಿಗೆ ಕರೆದುಕೊಂಡು ಹೋದವನು ನಾನೇ. ಅವನಿಗೆ ಇಷ್ಟವಿರಲಿಲ್ಲ. "ಜನ ಏನೆಂದಾರು?" ಎಂದು ಬಸ್ಸಿನಲ್ಲಿ ಎರಡು ಸಲ ಕೇಳಿದ. "ಜ್ವರ ಬಂದರೆ ಜನ ಏನೆನ್ನುತ್ತಾರೆ? ಅಷ್ಟೇ ಅನ್ನುತ್ತಾರೆ" ಎಂದು ಗದರಿಸಿದೆ. ಎಂಟು ತಿಂಗಳ ಔಷಧದಿಂದ ಅವನು ಮೊದಲಿನಂತಾದನು. ಈಗ ಮಗಳ ಮದುವೆಯ ಮಾತುಕತೆಯಲ್ಲಿ ತೊಡಗಿದ್ದಾನೆ.

ಅನಂತರ ಲೈಸೆನ್ಸಿನ ನವೀಕರಣದ ಕಾಲ ಬಂತು. 2016ನೆಯ ಇಸವಿಯ ಆಯುಧ ನಿಯಮಗಳಂತೆ ಅರ್ಜಿದಾರನು ಮನಸ್ಸು ಶರೀರಗಳೆರಡೂ ಸ್ವಸ್ಥವಾಗಿವೆಯೆಂದೂ ಮಾದಕ ಪದಾರ್ಥಗಳ ಚಟವಿಲ್ಲವೆಂದೂ ವೈದ್ಯರಿಂದ ಪತ್ರವನ್ನು ತರಬೇಕಷ್ಟೆ. ನನ್ನ ಶಿಷ್ಯನು ಸುಳ್ಳು ಹೇಳಲು ಕಲಿತವನಲ್ಲ; ಕಲಿಸಿದವನು ನಾನು, ಆ ತಪ್ಪು ನನ್ನದೇ ಇರಬಹುದು. ಹಿಂದೆ ಮಾತ್ರೆಗಳನ್ನು ತೆಗೆದುಕೊಂಡಿದ್ದೆನೆಂದು ಅವನಾಗಿಯೇ ಹೇಳಿದನು. ವೈದ್ಯರು ಅದನ್ನು ಬರೆದರು. ಕಚೇರಿಯಿಂದ ಬಂದ ಉತ್ತರವು ಒಂದು ಸಾಲಿನದು: ಮಾನಸಿಕ ಅಸ್ವಸ್ಥತೆಯ ಕಾರಣ ಅರ್ಜಿದಾರರು ಅರ್ಹರಲ್ಲ. ಕಡತದಲ್ಲಿ ಅದಕ್ಕೆ ಆಧಾರವಾಗಿ ಎರಡು ಕಾಗದಗಳಿದ್ದುವು: ಆ ವೈದ್ಯರ ಪತ್ರ ಒಂದು, ನಾವು ಮೂವರೂ ಹೋಗಿ ಪಡೆದುಬಂದ ಠಾಣೆಯ ರಸೀದಿ ಇನ್ನೊಂದು. ಅವನ ವಿವೇಕಕ್ಕೆ ಸಾಕ್ಷಿಯಾಗಬೇಕಾಗಿದ್ದ ಕಾಗದವೇ ಅವನ ಅವಿವೇಕಕ್ಕೆ ಸಾಕ್ಷಿಯಾಯಿತು. ಗುಣಪಡಿಸಿದ ವೈದ್ಯರನ್ನು ಯಾರೂ ಕೇಳಲಿಲ್ಲ. ಅವನನ್ನು ಕರೆಸಿ ಎರಡು ಮಾತು ಆಡಿಸಿದವರೂ ಇಲ್ಲ. ಅವನೇ ಹೋಗಿ ಕಾರಣವನ್ನು ಕೇಳಿದರೆ, "ಬರೆದಿದೆಯಲ್ಲ" ಎಂಬುದು ಸಿಕ್ಕಿದ ಜವಾಬು.

ಇದರಲ್ಲಿ ಹೋದದ್ದು ಕೋವಿಯೊಂದೇ ಎಂದು ಭಾವಿಸಬೇಡಿರಿ. ಚುನಾವಣೆ ಬಂದಾಗಲೆಲ್ಲ ನಮ್ಮ ಕಡೆಯ ರೈತರು ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬರುವುದುಂಟು. ಆಗ ಗೊಣಗುತ್ತಾರೆ, ಬೆಳೆ ಹಾಳಾಯಿತೆಂದು ಬೈದುಕೊಳ್ಳುತ್ತಾರೆ, ಆದರೆ ಅವಮಾನಿತರಾಗುವುದಿಲ್ಲ. ಎಲ್ಲರದೂ ಹೋಗುತ್ತದೆ, ಎಲ್ಲರದೂ ಬರುತ್ತದೆ. ಇಲ್ಲಿ ಹಾಗಲ್ಲ. ಸರಕಾರವೇ ಒಬ್ಬನನ್ನು ಆರಿಸಿ ಹಣೆಯ ಮೇಲೆ ಮುದ್ರೆಯನ್ನೊತ್ತಿದೆ. ಸುದ್ದಿ ಕಚೇರಿಯ ಬಾಗಿಲಿನಿಂದ ಹೊರಟು ಮೂರು ದಿನಗಳಲ್ಲಿ ಊರನ್ನು ಮುಟ್ಟಿತು. ಗಂಡಿನ ಕಡೆಯವರು ಜಾತಕವನ್ನು ಹಿಂದಕ್ಕೆ ಕಳುಹಿಸಿದರು. ಮನೆತನದಲ್ಲಿ ಹುಚ್ಚಿದೆಯಂತೆ!

ಇನ್ನು ಕಾಯಿದೆಯ ಮಾತಿಗೆ ಬರೋಣ. ನಾನು ನ್ಯಾಯವಾದಿಯಲ್ಲ, ಪಾಠಶಾಲೆಯಲ್ಲಿ ವ್ಯಾಕರಣ ಧರ್ಮಶಾಸ್ತ್ರಗಳನ್ನು ಓದಿದವನು. ಆದರೂ ಅಚ್ಚಾದ ಅಕ್ಷರಗಳನ್ನು ಓದಿ ಅನ್ವಯ ಮಾಡುವಷ್ಟು ಶಕ್ತಿಯುಂಟು. 1959ರ ಆಯುಧ ಕಾಯಿದೆಯ 14ನೆಯ ಕಲಮು, ಅರ್ಜಿದಾರನು ಅಸ್ವಸ್ಥಚಿತ್ತನೆಂದು ನಂಬಲು ಅಧಿಕಾರಿಗೆ ಕಾರಣವಿದ್ದರೆ ಲೈಸೆನ್ಸನ್ನು ನಿರಾಕರಿಸತಕ್ಕದ್ದೆನ್ನುತ್ತದೆ. ನವೀಕರಣಕ್ಕೂ ಅದೇ ಸೂತ್ರ. ಕೊಟ್ಟಿರುವ ಲೈಸೆನ್ಸನ್ನು ಅದೇ ಕಾರಣದಿಂದ ಅಮಾನತ್ತಿನಲ್ಲಿಡುವ ಅಥವಾ ರದ್ದುಮಾಡುವ ಅಧಿಕಾರವನ್ನು 17ನೆಯ ಕಲಮು ಕೊಡುತ್ತದೆ. ಅಸ್ವಸ್ಥಚಿತ್ತನೆಂದರೆ ಯಾರು? ಕಾಯಿದೆಯ ಪರಿಭಾಷಾ ಪ್ರಕರಣದಲ್ಲಿ ಆಯುಧ, ಮದ್ದುಗುಂಡು, ವರ್ಗಾವಣೆ ಮುಂತಾದುವಕ್ಕೆಲ್ಲ ಲಕ್ಷಣವನ್ನು ಹೇಳಿದೆ, ಚಿತ್ತಕ್ಕೆ ಹೇಳಿಲ್ಲ. ಕಾರಣವನ್ನು ಬರೆದಿಡಬೇಕು, ಕೇಳಿದರೆ ಸಂಕ್ಷೇಪವಾಗಿ ಕೊಡಬೇಕು, ಎಂದಿದೆ. ಆದರೆ ಕೊಡುವುದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಅಧಿಕಾರಿಗೆ ತೋರಿದರೆ ಕೊಡಬೇಕಾದದ್ದಿಲ್ಲ. ಮನುಷ್ಯನಿಗೆ ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶವಿರಬೇಕೆಂಬ ಮಾತು ಸ್ಪಷ್ಟವಾಗಿ ಕಾಣುವುದು 18ನೆಯ ಕಲಮಿನಲ್ಲಿ, ಅಂದರೆ ಅಪೀಲಿನ ಪ್ರಕರಣದಲ್ಲಿ. ಮುದ್ರೆ ಬಿದ್ದು, ಊರಿಗೆಲ್ಲ ತಿಳಿದು, ಜಾತಕ ಹಿಂದಕ್ಕೆ ಬಂದ ಮೇಲೆ.

ಇದರ ಪಕ್ಕದಲ್ಲಿ 2017ರ ಮಾನಸಿಕ ಆರೋಗ್ಯರಕ್ಷಣಾ ಕಾಯಿದೆಯನ್ನಿಟ್ಟು ಓದಿರಿ. ಅದರ 3ನೆಯ ಕಲಮಿನಲ್ಲಿ ಎರಡು ಮಾತುಗಳಿವೆ. ಎರಡನ್ನೂ ಪ್ರತಿಯೊಂದು ಕಚೇರಿಯ ಗೋಡೆಯ ಮೇಲೆ ಬರೆಯಿಸಬೇಕೆಂದು ನನ್ನ ಆಸೆ. ಹಿಂದೆ ಚಿಕಿತ್ಸೆ ಪಡೆದಿದ್ದನೆಂಬುದು ಗಮನಿಸತಕ್ಕ ವಿಷಯವಾದರೂ, ಅದೊಂದರಿಂದಲೇ ಇಂದು ರೋಗವಿದೆಯೆಂದು ನಿರ್ಣಯಿಸಕೂಡದು, ಎಂಬುದು ಒಂದು. ರೋಗವಿದೆಯೆಂದು ನಿರ್ಣಯವಾದರೂ, ಅದೊಂದರಿಂದಲೇ ಅವನು ಅಸ್ವಸ್ಥಚಿತ್ತನೆಂದು ತಿಳಿಯಕೂಡದು, ಯೋಗ್ಯ ನ್ಯಾಯಾಲಯವು ಹಾಗೆಂದು ಘೋಷಿಸಿದ ಹೊರತು, ಎಂಬುದು ಇನ್ನೊಂದು. ಹಿಂದಿನ ಚಿಕಿತ್ಸೆ, ಇಂದಿನ ರೋಗ, ಚಿತ್ತವೈಕಲ್ಯ ಎಂಬ ಈ ಮೂರು ಬೇರೆ ಬೇರೆ ಮೆಟ್ಟಿಲುಗಳು. ಕೊನೆಯ ಮೆಟ್ಟಿಲನ್ನು ನ್ಯಾಯಾಧೀಶನ ಕೈಹಿಡಿಯದೆ ಹತ್ತಲಾಗದು. ನನ್ನ ಶಿಷ್ಯನ ವಿಷಯದಲ್ಲಿ ಕಚೇರಿಯು ಮೂರನ್ನೂ ಒಂದೇ ನೆಗೆತಕ್ಕೆ ಹಾರಿತು.

ನಮ್ಮ ಮಿತ್ರರು ಇಲ್ಲಿ ಮುಗುಳ್ನಗುವರೆಂದು ಬಲ್ಲೆ. 14ನೆಯ ಕಲಮಿನಲ್ಲಿಯೇ "ಯಾವುದೇ ಕಾರಣದಿಂದ ಅಯೋಗ್ಯ"ನಾದವನಿಗೆ ಲೈಸೆನ್ಸು ಬೇಡವೆಂಬ ಇನ್ನೊಂದು ಮಾತಿದೆ. ಮುಂಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲು ತೆರೆದಿದೆ, ಎನ್ನುವರು. ಇರಲಿ, ಹಿತ್ತಿಲಿನಿಂದ ಬರುವವನೂ ಕಾಲು ತೊಳೆದುಕೊಂಡೇ ಬರಬೇಕಷ್ಟೆ. ಯಾವ ಕಾರಣದಿಂದ ಅಯೋಗ್ಯನೆಂಬುದನ್ನು ಹೇಳಲಿ, ಉತ್ತರವನ್ನು ಕೇಳಲಿ. ಕಾರಣ ಯಾವುದಾದರೂ ಆಗಬಹುದೆಂದರೆ ಕಾರಣವೇ ಬೇಡವೆಂದು ಅರ್ಥವಾಗುವುದು ಯಾವ ವ್ಯಾಕರಣದಲ್ಲಿ?

ಅವರ ಮುಖ್ಯವಾದ ವಾದ ಇನ್ನೊಂದು. ಕೋವಿಯ ಲೈಸೆನ್ಸು ಈ ದೇಶದಲ್ಲಿ ಹಕ್ಕಲ್ಲ, ಸರಕಾರದ ಅನುಗ್ರಹ. ಅನುಗ್ರಹವನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ವಿಚಾರಣೆಯೇಕೆ? ಈ ವಾದವನ್ನು ಹಗುರಾಗಿ ತಳ್ಳಿಹಾಕಲಾರೆ. ನಮ್ಮಲ್ಲಿ ಅದು ಹಕ್ಕಲ್ಲವೆಂಬುದು ನಿಜ. (ಕೊಡಗಿನವರ ಸಂಗತಿ ಬೇರೆ, ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸೇ ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದಿದೆ, 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಘಟ್ಟದ ಒಂದು ಕಡೆ ಒಂದು ಜನವನ್ನೇ ನಂಬುವ ಸರಕಾರ, ಇನ್ನೊಂದು ಕಡೆ ಒಬ್ಬನನ್ನು ಔಷಧದ ಚೀಟಿ ನೋಡಿ ಶಂಕಿಸುತ್ತದೆ.) ಆದರೆ ವಿಚಾರಣೆಯು ಬೇಕಾಗಿರುವುದು ಅನುಗ್ರಹ ಹೋದುದಕ್ಕಾಗಿ ಅಲ್ಲ, ಹೋಗುವಾಗ ಅವನಿಗೆ ಕೊಟ್ಟ ಹೆಸರಿಗಾಗಿ. ದೇವಾಲಯದಲ್ಲಿ ಪ್ರಸಾದವನ್ನು ಕೊಡುವುದು ಬಿಡುವುದು ಅರ್ಚಕನ ಇಷ್ಟವಿರಬಹುದು. "ನೀನು ಕಳ್ಳ, ನಿನಗಿಲ್ಲ" ಎಂದು ಸಾಲಿನಲ್ಲಿ ನಿಂತವರೆಲ್ಲರೂ ಕೇಳುವಂತೆ ಕೂಗುವುದು ಅವನ ಇಷ್ಟವೇ? ಹಾಗೆ ಕೂಗಿದ ಕ್ಷಣದಲ್ಲಿಯೇ ಅದು ಪ್ರಸಾದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಅದಲ್ಲದೆ ಈ ವಾದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯವೇ ಹಿಂದೆ ಉತ್ತರವನ್ನು ಕೊಟ್ಟಿದೆ. ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು 1977ರಲ್ಲಿ ಸರಕಾರವು ಜಫ್ತಿಮಾಡಿ, ಕಾರಣವನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಸಲ್ಲದೆಂದಿತು. ಆ ಕಾಯಿದೆಯಲ್ಲಿಯೂ ಮುಂಚಿತವಾಗಿ ಕೇಳಬೇಕೆಂಬ ಅಕ್ಷರಗಳಿರಲಿಲ್ಲ. 1978ರ ತೀರ್ಪಿನಲ್ಲಿ ನ್ಯಾಯಾಲಯವು, ಅಕ್ಷರಗಳಿಲ್ಲದಿದ್ದರೂ ಕೇಳುವ ಕರ್ತವ್ಯವು ಕಾಯಿದೆಯೊಳಗೆ ಅಡಗಿದೆಯೆಂದು ತಿಳಿಯತಕ್ಕದ್ದೆಂದಿತು. ತುರ್ತಿದ್ದರೆ ಮೊದಲು ತೆಗೆದುಕೊಂಡು ಒಡನೆಯೇ ಕೇಳಿದರೂ ಆಗಬಹುದು, ಆದರೆ ಕೇಳಲೇಬೇಕು. ಕೋವಿಯೂ ಪಾಸ್‌ಪೋರ್ಟೂ ಒಂದೇ ಅಲ್ಲವೆಂಬುದನ್ನು ಬಲ್ಲೆ. ಕೇಳುವ ಕಿವಿ ಮಾತ್ರ ಒಂದೇ.

ಇದು ಪರದೇಶದಿಂದ ಬಂದ ಹೊಸ ನೀತಿಯೆನ್ನುವವರಿಗೆ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ತೆರೆದು ನೋಡಲು ಹೇಳುತ್ತೇನೆ. ವ್ಯವಹಾರಕ್ಕೆ ನಾಲ್ಕು ಪಾದಗಳು: ಆರೋಪದ ಭಾಷೆ, ಪ್ರತಿವಾದಿಯ ಉತ್ತರ, ಸಾಕ್ಷ್ಯವೆಂಬ ಕ್ರಿಯೆ, ಸಾಧ್ಯದ ಸಿದ್ಧಿ. ಆರೋಪವನ್ನು ಪ್ರತಿವಾದಿಯ ಎದುರಿನಲ್ಲಿಯೇ ಬರೆದುಕೊಳ್ಳಬೇಕೆಂಬುದು ಅಲ್ಲಿಯ ವಿಧಿ. ನನ್ನ ಶಿಷ್ಯನ ವ್ಯವಹಾರಕ್ಕೆ ಮೊದಲನೆಯ ಪಾದವೂ ಕೊನೆಯ ಪಾದವೂ ಮಾತ್ರ ಇದ್ದುವು. ನಡುವಿನ ಎರಡನ್ನೂ ಕಡಿದುಹಾಕಿದರು. ಎರಡು ಕಾಲಿನ ಹಸುವನ್ನು ಸಂತೆಯಲ್ಲಿ ಯಾರಾದರೂ ಕೊಂಡಾರೆ?

ನಮ್ಮ ಪ್ರಾಚೀನರನ್ನು ಎಲ್ಲ ವಿಷಯದಲ್ಲಿಯೂ ಹೊಗಳುವುದು ನನ್ನ ಅಭ್ಯಾಸವಲ್ಲ. ಉನ್ಮತ್ತನಿಗೂ ಅಂಧನಿಗೂ ದಾಯಭಾಗವಿಲ್ಲವೆಂದವರು ಅವರೇ. ಆ ಅನ್ಯಾಯವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತೊಡೆದುಹಾಕಿದ್ದು ಯೋಗ್ಯವಾಯಿತು. ಆದರೆ ಆ ಕಠಿಣವಾದ ವಿಧಿಯ ಮೇಲೆಯೇ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಬರೆದುದನ್ನು ಗಮನಿಸಿರಿ: ವಿಭಾಗವಾದ ಮೇಲೆಯೂ ಔಷಧಾದಿಗಳಿಂದ ದೋಷವು ನೀಗಿತೆಂದರೆ, ಅವನಿಗೆ ಭಾಗವು ಬರಲೇಬೇಕು, ವಿಭಾಗದ ಅನಂತರ ಹುಟ್ಟಿದ ಮಗನಿಗೆ ಬರುವಂತೆ. ಒಂಬೈನೂರು ವರ್ಷಗಳ ಹಿಂದೆ ಕನ್ನಡನಾಡಿನಲ್ಲಿ ಕುಳಿತು ಬರೆದ ಒಬ್ಬ ಸಂನ್ಯಾಸಿಗೆ, ಔಷಧದಿಂದ ಮನಸ್ಸಿನ ರೋಗವೂ ವಾಸಿಯಾಗುತ್ತದೆ, ವಾಸಿಯಾದವನಿಗೆ ಹಿಂದಿರುಗುವ ದಾರಿಯಿರಬೇಕು, ಎಂಬುದು ಹೊಳೆದಿತ್ತು. ನಮ್ಮ ಕಚೇರಿಯ ಆ ಒಂದು ಸಾಲಿನ ಆಜ್ಞೆಯಲ್ಲಿ ಅವಧಿಯಿರಲಿಲ್ಲ. ಎಂದಿಗೆ, ಏನನ್ನು ತೋರಿಸಿದರೆ, ಮತ್ತೆ ಅರ್ಹನಾಗುವನೆಂಬುದೂ ಇರಲಿಲ್ಲ.

ಗೋಷ್ಠಿಯಲ್ಲಿ ನಮ್ಮ ಮಿತ್ರರು ಅಮೆರಿಕದ ದೃಷ್ಟಾಂತವನ್ನು ತಂದರು. ವರ್ಜೀನಿಯ ಪ್ರಾಂತದ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಮತಿಗೆಟ್ಟ ವಿದ್ಯಾರ್ಥಿಯೊಬ್ಬನು 32 ಮಂದಿಯನ್ನು ಕೊಂದನಲ್ಲ, ವಿಚಾರಣೆ ವಿಚಾರಣೆ ಎಂದು ಕುಳಿತರೆ ಆಗುವುದು ಇದೇ, ಎಂದರು. ಎಲ್ಲರೂ ಮೌನವಾದುದು ಈ ಮಾತಿಗೆ. ಆದರೆ ಆ ಘಟನೆಯನ್ನು ಪೂರ್ತಿಯಾಗಿ ಹೇಳಬೇಕು. ಆ ಯುವಕನ ವಿಚಾರಣೆಯು 2005ರ ಡಿಸೆಂಬರಿನಲ್ಲಿಯೇ ಆಗಿತ್ತು. ನ್ಯಾಯಾಧಿಕಾರಿಯೊಬ್ಬರು ಅವನನ್ನು ಕೇಳಿ, ಅವನಿಂದ ಅವನಿಗೇ ಅಪಾಯವಿದೆಯೆಂದು ನಿರ್ಣಯಿಸಿ, ಚಿಕಿತ್ಸೆಗೆ ಆಜ್ಞೆಮಾಡಿದ್ದರು. ಆಸ್ಪತ್ರೆಯಲ್ಲಿ ಇರಿಸದೆ ಹೊರಗಿನಿಂದಲೇ ಚಿಕಿತ್ಸೆಯೆಂದಿದ್ದುದರಿಂದ ಆ ನಿರ್ಣಯವು ಬಂದೂಕು ಕೊಳ್ಳುವವರನ್ನು ಪರೀಕ್ಷಿಸುವ ಪಟ್ಟಿಗೆ ಸೇರಲಿಲ್ಲ. ಅವನು ಅಂಗಡಿಗೆ ಹೋಗಿ ಬಂದೂಕುಗಳನ್ನು ಕೊಂಡನು. ಹಾಗಾದರೆ ಕೆಟ್ಟದ್ದು ಯಾವುದು? ವಿಚಾರಣೆ ನಡೆದದ್ದರಿಂದ ಕೆಟ್ಟಿತೇ, ನಡೆದ ವಿಚಾರಣೆಯ ಫಲವನ್ನು ಕಾಗದದ ಮೇಲೆ ಮುಂದಕ್ಕೆ ಕಳುಹಿಸದಿದ್ದರಿಂದ ಕೆಟ್ಟಿತೇ? ಮರುವರ್ಷ ಅಮೆರಿಕದವರು ಹೊಸ ಕಾಯಿದೆಯನ್ನು ಮಾಡಿ ಆ ಪಟ್ಟಿಯ ಲೋಪವನ್ನು ತಿದ್ದಲು ತೊಡಗಿದರು. ಅದರ ಜೊತೆಗೆ, ಗುಣವಾದವರು ನಿರ್ಬಂಧದಿಂದ ಬಿಡುಗಡೆ ಬೇಡುವ ಏರ್ಪಾಟೂ ಇರಬೇಕೆಂದರು.

ಅಮೆರಿಕವನ್ನು ತಂದದ್ದಾಯಿತು, ಅಲ್ಲಿಯ ಉಳಿದ ಪಾಠಗಳನ್ನೂ ಓದಿಬಿಡೋಣ. ಅಲ್ಲಿ 1968ರ ಕಾಯಿದೆಯಂತೆ, ಒಮ್ಮೆ ಬಲವಂತವಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟವನು ಆಜೀವ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹೆಂಡತಿ ಬಿಟ್ಟುಹೋದ ದುಃಖದಲ್ಲಿ ಒಂದು ತಿಂಗಳೂ ತುಂಬದಷ್ಟು ಕಾಲ ಆಸ್ಪತ್ರೆಯಲ್ಲಿದ್ದವನೊಬ್ಬನು, ಬಳಿಕ ಅನೇಕ ವರ್ಷ ಸ್ವಸ್ಥನಾಗಿ ಬಾಳಿ, ಇಳಿವಯಸ್ಸಿನಲ್ಲಿ ಬಂದೂಕು ಕೊಳ್ಳಹೋದರೆ ಹಳೆಯ ಕಾಗದವು ಅಡ್ಡ ಬಂತು. 2016ರಲ್ಲಿ ಅಲ್ಲಿಯ ಮೇಲಿನ ನ್ಯಾಯಾಲಯವೊಂದು, ಅವನ ಇಂದಿನ ಸ್ಥಿತಿಯನ್ನು ನೋಡದೆ ಹಳೆಯ ಕಾಗದವೊಂದರಿಂದಲೇ ಜನ್ಮಪರ್ಯಂತ ಬಾಗಿಲು ಮುಚ್ಚುವುದನ್ನು ಪ್ರಶ್ನಿಸುವ ಅವಕಾಶ ಅವನಿಗುಂಟೆಂದಿತು. ಅದೇ ವರ್ಷದ ಕೊನೆಯಲ್ಲಿ ಒಬಾಮರ ಸರಕಾರವು ಇನ್ನೊಂದು ನಿಯಮವನ್ನು ಮಾಡಿತ್ತು. ಮಾನಸಿಕ ವೈಕಲ್ಯಕ್ಕಾಗಿ ಪಿಂಚಣಿ ಪಡೆಯುತ್ತ, ಆ ಹಣದ ಲೆಕ್ಕವನ್ನು ಇನ್ನೊಬ್ಬರ ಕೈಯಿಂದ ನೋಡಿಸಿಕೊಳ್ಳುವವರ ಹೆಸರುಗಳನ್ನು ಬಂದೂಕಿನ ನಿಷೇಧದ ಪಟ್ಟಿಗೆ ಸೇರಿಸುವುದು. ವರ್ಷಕ್ಕೆ ಸುಮಾರು 75,000 ಮಂದಿ ಇದಕ್ಕೆ ಸಿಕ್ಕುವರೆಂದು ಅಂದಾಜು. ನ್ಯಾಯಾಧೀಶನ ತೀರ್ಪಿಲ್ಲ, ಪಿಂಚಣಿ ಕಚೇರಿಯ ಗುಮಾಸ್ತನ ದಾಖಲೆ ಸಾಕು. ಇದನ್ನು ವಿರೋಧಿಸಿದವರಲ್ಲಿ ಬಂದೂಕಿನ ವ್ಯಾಪಾರದ ಪಕ್ಷದವರಿದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಂಗವಿಕಲರ ಸಂಘಗಳೂ, ಬಂದೂಕಿನ ನಿರ್ಬಂಧಕ್ಕೆ ಎಂದೂ ಶತ್ರುವಲ್ಲದ ಅಮೆರಿಕದ ಪೌರಸ್ವಾತಂತ್ರ್ಯ ಸಂಘವೂ ವಿರೋಧಿಸಿದುವು. ಬ್ಯಾಂಕಿನ ಲೆಕ್ಕ ಬರೆಯಲಾರದವನು ಕೊಲೆಗಾರನೆಂದು ಹೇಳಿದವರು ಯಾರು, ಎಂಬುದು ಅವರ ಪ್ರಶ್ನೆ. 2017ರ ಫೆಬ್ರವರಿಯಲ್ಲಿ ಆ ನಿಯಮವು ರದ್ದಾಯಿತು.

ಅವರು ಸರಿಯಾಗಿ ಮಾಡಿದ್ದೂ ಉಂಟು. ಫ್ಲಾರಿಡ ಪ್ರಾಂತದ ಶಾಲೆಯೊಂದರಲ್ಲಿ 2018ರಲ್ಲಿ 17 ಮಂದಿ ಹತರಾದ ಬಳಿಕ ಅಲ್ಲಿ ಒಂದು ಕಾಯಿದೆಯಾಯಿತು. ಅಪಾಯವಿದೆಯೆಂದು ಪೊಲೀಸರು ನ್ಯಾಯಾಧೀಶನಿಗೆ ಅರಿಕೆಮಾಡಿದರೆ, ಅವನು ಆ ಕ್ಷಣವೇ ಬಂದೂಕನ್ನು ತೆಗೆಯಿಸಬಹುದು. ಆದರೆ 14 ದಿನಗಳೊಳಗೆ ಆ ಮನುಷ್ಯನನ್ನು ಕರೆಸಿ ಕೇಳಬೇಕು. ಸ್ಪಷ್ಟವಾದ ಸಾಕ್ಷ್ಯವಿದ್ದರೆ ಮಾತ್ರ ಆಜ್ಞೆಯು ಮುಂದುವರಿಯುವುದು. ಅದೂ ಒಂದು ವರ್ಷಕ್ಕೆ ಮೀರದಂತೆ. ನಡುವೆ ಅವನು ಬಿಡುಗಡೆಯನ್ನೂ ಕೇಳಬಹುದು. ಅಲ್ಲಿ ರೋಗದ ಹೆಸರಿಗಿಂತ ನಡತೆಯ ಅಪಾಯಕ್ಕೆ ಬೆಲೆ ಹೆಚ್ಚು. ಆ ದಿನಗಳಲ್ಲಿಯೇ ಅಧ್ಯಕ್ಷ ಟ್ರಂಪ್ ಅವರು, ಮೊದಲು ಬಂದೂಕನ್ನು ತೆಗೆದುಕೊಳ್ಳೋಣ, ನ್ಯಾಯವಿಧಿಯು ಆಮೇಲೆ, ಎಂಬರ್ಥದ ಮಾತನ್ನಾಡಿ ಎರಡು ಕಡೆಯವರಿಂದಲೂ ಬೈಸಿಕೊಂಡರು. ನನಗಾದರೆ ಆ ಮಾತಿನ ಪೂರ್ವಾರ್ಧದಲ್ಲಿ ಅಂಥ ದೋಷವೇನೂ ಕಾಣುವುದಿಲ್ಲ. ಉರಿಯುವ ಮನೆಯ ಮುಂದೆ ಪತ್ರವ್ಯವಹಾರ ನಡೆಸಲಾಗದು. ನಮ್ಮಲ್ಲಿಯ ಗೋಳೆಂದರೆ ಆ "ಆಮೇಲೆ" ಎಂಬುದು ಬರುವುದೇ ಇಲ್ಲ.

ಇನ್ನು ಅಪಾಯದ ಮಾತು. ಮನೋರೋಗಿಗಳೇ ಸಮಾಜದ ಹಿಂಸೆಗೆ ಮೂಲವೆಂಬ ನಂಬಿಕೆಯನ್ನು ಬಿಡಬೇಕು. ಅಮೆರಿಕದಲ್ಲಿ ಪಂಡಿತರು ಲೆಕ್ಕಹಾಕಿ ನೋಡಿದಾಗ, ಅಲ್ಲಿಯ ಹಿಂಸೆಯಲ್ಲಿ ತೀವ್ರ ಮನೋರೋಗಕ್ಕೆ ಹೊರಿಸಬಹುದಾದ ಪಾಲು ನೂರಕ್ಕೆ ಸುಮಾರು 4 ಮಾತ್ರ. ಬಂದೂಕು ಅವರಿಗಿಂತ ಹೆಚ್ಚು ಅಪಾಯಕಾರಿಯಾಗುವುದು ಕುಡುಕನ ಕೈಯಲ್ಲಿ, ಹೆಂಡತಿಯನ್ನು ಹೊಡೆಯುವವನ ಕೈಯಲ್ಲಿ. ದುಃಖದಲ್ಲಿ ಮುಳುಗಿದವನಿಂದ ಅಪಾಯವಿರುವುದು ಮುಖ್ಯವಾಗಿ ಅವನಿಗೇ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,000ಕ್ಕೂ ಮಿಕ್ಕಿದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಆದಕಾರಣ ಅಂಥ ಮನೆಯಿಂದ ಕೋವಿಯನ್ನು ಕೆಲಕಾಲ ದೂರವಿಡುವುದು ಪ್ರಾಣವನ್ನುಳಿಸುವ ಕೆಲಸ. ಅದನ್ನು ಮಾಡಿದವನು ನಾನು. ಇನ್ನೊಮ್ಮೆ ಬೇಕಾದರೂ ಮಾಡುವೆನು. ಅದು ನಡೆದದ್ದು ಅವನು ನನ್ನನ್ನು ನಂಬಿ ಬಾಯಿಬಿಟ್ಟುದರಿಂದ ಎಂಬುದನ್ನು ಮಾತ್ರ ಮರೆಯಬೇಡಿರಿ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ನಮ್ಮ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕಿದವರಿಗೆ ಒಂದಲ್ಲ ಒಂದು ಮಾನಸಿಕ ಬಾಧೆಯುಂಟು. ಅವರಲ್ಲಿ ಚಿಕಿತ್ಸೆಯೇ ದೊರೆಯದವರು, ಬೇರೆ ಬೇರೆ ಬಾಧೆಗಳಲ್ಲಿ, ನೂರಕ್ಕೆ 70ರಿಂದ 92ರವರೆಗೆ. ಈಗ ನಮ್ಮ ಮಿತ್ರರ ನಿಯಮವನ್ನು ಇದಕ್ಕೆ ಹಚ್ಚಿ ನೋಡಿರಿ. ವೈದ್ಯರಲ್ಲಿಗೆ ಹೋದವನ ಕೋವಿಯನ್ನು ಕಿತ್ತುಕೊಳ್ಳಬೇಕು. ಸರಿ. ಹೋಗದವನ ಕೋವಿ? ಅದು ಅವನ ಮಂಚದ ಪಕ್ಕದಲ್ಲಿಯೇ ಇರುತ್ತದೆ. ರೋಗವನ್ನು ಮರೆಮಾಡಿದ ಹತ್ತರಲ್ಲಿ ಏಳೆಂಟು ಮಂದಿಯನ್ನು ಮುಟ್ಟದೆ, ವಾಸಿಮಾಡಿಕೊಳ್ಳಲು ಹೊರಟ ಇಬ್ಬರು ಮೂವರನ್ನು ಹಿಡಿದು ದಂಡಿಸುವ ಈ ನಿಯಮದಿಂದ ಊರಿಗೆ ರಕ್ಷಣೆಯಾಗುವುದು ಹೇಗೆಂದು ಅವರು ತಿಳಿಸಲಿ. ಸಂಕೋಚವಿಲ್ಲದೆ ಮನಸ್ಸಿನ ನೋವನ್ನು ಹೇಳಿಕೊಳ್ಳಿರೆಂದು 2022ರಲ್ಲಿ ಸರಕಾರವೇ ಟೆಲಿ ಮಾನಸ್ ಎಂಬ ಹೆಸರಿನಿಂದ 14416 ಎಂಬ ದೂರವಾಣಿಯನ್ನು ತೆರೆದಿದೆ; ಒಳ್ಳೆಯ ಕೆಲಸ, ಯಾರಾದರೂ ಕೂಗಿದರೆ ಉತ್ತರ ಬರುತ್ತದೆ. ಒಂದು ಕೈ ಹೀಗೆ ಕರೆಯುತ್ತಿರುವಾಗ ಇನ್ನೊಂದು ಕೈ ಬಂದವನ ಕೊರಳಿಗೆ ಹಲಗೆ ಕಟ್ಟುತ್ತಿದ್ದರೆ, ಎರಡನೆಯ ಸಲ ಬರುವವರು ಯಾರು?

ನಾನು ಕೇಳುವುದು ಅಸಾಧ್ಯವಾದದ್ದಲ್ಲ. ತುರ್ತಿದ್ದಲ್ಲಿ ಅಧಿಕಾರಿಯು ಕೋವಿಯನ್ನು ಇಂದೇ ತೆಗೆದುಕೊಳ್ಳಲಿ. ಎರಡು ವಾರಗಳಲ್ಲಿ ಅವನನ್ನು ಕರೆಸಲಿ. ಅವನ ವೈದ್ಯನ ಅಭಿಪ್ರಾಯವನ್ನೂ, ಬೇಕಾದರೆ ಸರಕಾರಿ ಮನೋವೈದ್ಯನ ಅಭಿಪ್ರಾಯವನ್ನೂ ತರಿಸಲಿ. ರೋಗದ ಹೆಸರನ್ನಲ್ಲ, ಅಪಾಯದ ಕಾರಣವನ್ನು ಬರೆಯಲಿ. ಅಸ್ವಸ್ಥಚಿತ್ತನೆಂಬ ಶಬ್ದವನ್ನು ನ್ಯಾಯಾಲಯಕ್ಕೆ ಬಿಟ್ಟುಕೊಡಲಿ. ಆಜ್ಞೆಗೆ ಒಂದು ಅವಧಿಯಿರಲಿ. ತಾನಾಗಿಯೇ ಕೋವಿಯನ್ನು ತಂದೊಪ್ಪಿಸಿದವನಿಗೆ ಆ ರಸೀದಿಯು ಎಂದಿಗೂ ವಿರುದ್ಧ ಸಾಕ್ಷಿಯಾಗಕೂಡದು. ಇದಕ್ಕೆ ಹೊಸ ಶಾಸನಸಭೆ ಸೇರಬೇಕಾಗಿಲ್ಲ. ಬಹುಭಾಗ ಇರುವ ಕಾಯಿದೆಗಳನ್ನು ಒಟ್ಟಿಗೆ ಓದಿದರೆ ಸಾಕು. ಕಚೇರಿಯಲ್ಲಿ ಇಷ್ಟಕ್ಕೆ ಪುರಸೊತ್ತಿಲ್ಲವೆನ್ನುವರು. ಒಂದು ಜಿಲ್ಲೆಯಲ್ಲಿ ಇಂಥ ಅರ್ಜಿಗಳು ದಿನಕ್ಕೆಷ್ಟು ಬರುತ್ತವೆ?

ನನ್ನ ಶಿಷ್ಯನ ಅಪೀಲು ಮೇಲಧಿಕಾರಿಗಳ ಮುಂದಿದೆ. ಕೋವಿ ಠಾಣೆಯಲ್ಲಿದೆ. ಈ ಸಲ ಹಂದಿಗಳು ಬಂದು ಎಳೆಯ ಬಾಳೆಯ ಸಾಲನ್ನೆಲ್ಲ ಉರುಳಿಸಿ ಹೋದುವು. ಅವನು ತಗಡಿನ ಡಬ್ಬ ಬಡಿಯುತ್ತ ರಾತ್ರಿಯೆಲ್ಲ ಕುಳಿತಿದ್ದನಂತೆ.

ಮೊನ್ನೆ ಸಂಜೆ ಅದೇ ಊರಿನಿಂದ ಒಬ್ಬ ತಾಯಿ ನಮ್ಮ ಮನೆಗೆ ಬಂದಿದ್ದಳು. ಅವಳ ಮಗನೂ ನನ್ನಲ್ಲಿ ಓದಿದವನೇ. ಮೂರು ತಿಂಗಳಿಂದ ಮಾತು ಬಿಟ್ಟಿದ್ದಾನಂತೆ, ರಾತ್ರಿ ಅಂಗಳದಲ್ಲಿ ಸುತ್ತುತ್ತಾನಂತೆ. "ಮೇಷ್ಟ್ರೇ, ಇವನನ್ನು ಡಾಕ್ಟರಿಗೆ ತೋರಿಸಿದರೆ ಕೋವಿ ಹೋಗುತ್ತದಂತೆ, ಹುಚ್ಚ ಅಂತ ಬರೆದುಬಿಡುತ್ತಾರಂತೆ, ಹೌದಾ?" ಎಂದು ಕೇಳಿದಳು. ಏನು ಹೋದರೂ ಹೋಗಲಿ, ನಾಳೆಯೇ ಕರೆದುಕೊಂಡು ಬಾ, ನಾನೂ ಜೊತೆಗೆ ಬರುತ್ತೇನೆ. ಕೋವಿಯನ್ನು ಮಾತ್ರ ಇಂದೇ ಠಾಣೆಯಲ್ಲಿಟ್ಟುಬಿಡಿ, ಎಂದೆ. "ಗುಣ ಆದಮೇಲೆ ವಾಪಸು ಕೊಡುತ್ತಾರಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬಸ್ ನಿಲ್ದಾಣದಲ್ಲಿ ಹತ್ತು ಗಂಟೆಯವರೆಗೆ ಕಾದೆ. ತಾಯಿಯೂ ಬರಲಿಲ್ಲ, ಮಗನೂ ಬರಲಿಲ್ಲ. ನಾಳೆ ನಾನೇ ಅವರ ಮನೆಗೆ ಹೋಗುವವನಿದ್ದೇನೆ. ಆಕೆಯ ಪ್ರಶ್ನೆಗೆ ನಮ್ಮ ನ್ಯಾಯವಾದಿ ಮಿತ್ರರು ಮುಂದಿನ ಸಂಚಿಕೆಯಲ್ಲಿ ಉತ್ತರವನ್ನು ಬರೆದರೆ, ಪತ್ರಿಕೆಯನ್ನು ತೆಗೆದುಕೊಂಡು ಹೋಗಿ ಅಕ್ಷರ ಬಿಡದೆ ಅವಳಿಗೆ ಓದಿ ಹೇಳುತ್ತೇನೆ.